ತೆಂಗಿನ ದ್ವೀಪದ ರೂಪಾಯಿ

ಹಿಂದೂ ಮಹಾಸಾಗರದ ಭೂಪಟವನ್ನು ಬಿಡಿಸಿ, ಜಾವಾ ದ್ವೀಪದ ಪಶ್ಚಿಮದ ತುದಿಯಿಂದ ನೈಋತ್ಯದ ಕಡೆಗೆ ಬೆರಳನ್ನು ಸರಿಸುತ್ತ ಹೋದರೆ ಬಹುದೂರದವರೆಗೆ ನೀಲಿಯ ಬಣ್ಣವಲ್ಲದೆ ಬೇರೇನೂ ಕಾಣುವುದಿಲ್ಲ. ಸುಮಾರು 1,100 ಕಿಲೋಮೀಟರು ದೂರ ಸಾಗಿದ ಮೇಲೆ ಸೂಜಿಯ ಮೊನೆಯಿಂದ ಚುಚ್ಚಿದಂತಹ ಎರಡು ಚುಕ್ಕೆಗಳು ಕಣ್ಣಿಗೆ ಬೀಳುತ್ತವೆ. ಅವೇ ಕೊಕೊಸ್ ದ್ವೀಪಗಳು. ಕೀಲಿಂಗ್ ದ್ವೀಪಗಳೆಂದೂ ಅವಕ್ಕೆ ಹೆಸರುಂಟು. ಇಪ್ಪತ್ತೇಳು ಸಣ್ಣ ಸಣ್ಣ ಹವಳದ ದಿಬ್ಬಗಳು ಸೇರಿ ಆದ ಈ ನಾಡಿನ ಒಟ್ಟು ನೆಲ ಕೇವಲ 14 ಚದರ ಕಿಲೋಮೀಟರು. ಇಂದು ಅದು ಆಸ್ಟ್ರೇಲಿಯಕ್ಕೆ ಸೇರಿದ ಪ್ರಾಂತ. ಆದರೆ ಆಸ್ಟ್ರೇಲಿಯದ ಪರ್ತ್ ನಗರ ಅಲ್ಲಿಂದ ಮೂರು ಸಾವಿರ ಕಿಲೋಮೀಟರಿಗೆ ಸ್ವಲ್ಪವೇ ಕಡಿಮೆ ದೂರದಲ್ಲಿದೆ.

ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ನಾವಿಕನಾದ ವಿಲಿಯಂ ಕೀಲಿಂಗ್ ಎಂಬಾತನು 1609ರಲ್ಲಿ ಈ ದ್ವೀಪಗಳನ್ನು ಕಂಡನು. ಕಂಡನೇ ಹೊರತು ಅಲ್ಲಿ ನೆಲಸಲಿಲ್ಲ. ಅವನ ಬಳಿಕ ಎರಡು ನೂರು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿ ಯಾರೂ ಮನೆ ಕಟ್ಟಲಿಲ್ಲ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ಕೆಮ್ಮಣ್ಣಿಲ್ಲ. ಹವಳ ಸವೆದು ಪುಡಿಯಾದ ಬಿಳಿಯ ಮರಳೇ ನೆಲ. ಆ ನೆಲವೂ ಸಮುದ್ರದ ಮಟ್ಟಕ್ಕಿಂತ ಕೆಲವೇ ಮೀಟರು ಎತ್ತರ. ಬತ್ತ, ಗೋಧಿ ಯಾವುದೂ ಅಲ್ಲಿ ಬೆಳೆಯದು. ಮಳೆ ಮಾತ್ರ ಧಾರಾಳವಾಗಿ ಸುರಿಯುತ್ತದೆ. ಆ ಮಳೆಯ ನೀರು ಮರಳಿನಲ್ಲಿ ಇಂಗಿ, ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ಎಣ್ಣೆಯಂತೆ ತೇಲಿ ನಿಲ್ಲುತ್ತದೆ. ಉಪ್ಪುನೀರಿಗಿಂತ ಸಿಹಿನೀರು ಹಗುರವಾದುದೇ ಇದಕ್ಕೆ ಕಾರಣ. ಆದುದರಿಂದ ಅಲ್ಲಿಯ ಬಾವಿಗಳಲ್ಲಿ ಸಮುದ್ರದ ಭರತ ಇಳಿತಗಳಿಗೆ ತಕ್ಕಂತೆ ನೀರು ಏರುತ್ತದೆ, ಇಳಿಯುತ್ತದೆ. ಇಷ್ಟನ್ನು ಬಿಟ್ಟರೆ ಆ ದ್ವೀಪಗಳಿಗೆ ಪ್ರಕೃತಿ ಕೊಟ್ಟ ಸಂಪತ್ತು ಒಂದೇ ಒಂದು: ತೆಂಗಿನ ಮರ. ಅಲೆಗಳ ಮೇಲೆ ತೇಲಿ ಬಂದ ಕಾಯಿಗಳು ದಡದಲ್ಲಿ ಮೊಳೆತು, ಮರವಾಗಿ, ಮತ್ತೆ ಕಾಯಿ ಉದುರಿಸಿ, ಯಾವ ತೋಟಗಾರನ ನೆರವೂ ಇಲ್ಲದೆ ದ್ವೀಪಗಳನ್ನೆಲ್ಲ ತುಂಬಿಬಿಟ್ಟಿದ್ದವು. ಕೊಕೊಸ್ ಎಂಬ ಹೆಸರು ಬಂದುದೂ ತೆಂಗಿನಿಂದಲೇ.

ಇಂಥ ಕಡೆ ಬಂದು, ಕೆಲಸವನ್ನು ಹುಡುಕಿಕೊಂಡು, ವ್ಯಾಪಾರವನ್ನು ಹೂಡಿ, ಒಂದೂವರೆ ಶತಮಾನದ ಕಾಲ ಅದನ್ನು ನಡೆಸಿದ ಒಂದು ಮನೆತನವಿದೆ. ಅದರ ಮೂಲಪುರುಷ ಜಾನ್ ಕ್ಲೂನೀಸ್ ರಾಸ್. ಈತನು 1786ರಲ್ಲಿ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಷೆಟ್ಲೆಂಡ್ ದ್ವೀಪಗಳಲ್ಲಿ ಹುಟ್ಟಿದವನು. ಷೆಟ್ಲೆಂಡ್ ಕೂಡ ಗಾಳಿ ಬೀಸುವ, ಮರಗಳು ವಿರಳವಾದ, ಸಮುದ್ರವನ್ನೇ ನಂಬಿ ಬದುಕಬೇಕಾದ ಸೀಮೆ. ಅಲ್ಲಿಯ ಹುಡುಗರು ಹಡಗನ್ನು ಹತ್ತದೆ ಹೊಟ್ಟೆ ಹೊರೆಯುವುದು ಕಷ್ಟವಾಗಿದ್ದ ಕಾಲ ಅದು. ರಾಸನೂ ಹಡಗನ್ನೇರಿ ಪೂರ್ವ ಸಮುದ್ರಗಳಿಗೆ ಬಂದನು. ದುಡಿದು, ಬಲಿತು, ಹಡಗಿನ ಕಪ್ತಾನನಾದನು. 1825ರಲ್ಲಿ ‘ಬೋರ್ನಿಯೊ’ ಎಂಬ ಹಡಗಿನೊಡನೆ ಕೊಕೊಸ್ ದ್ವೀಪಗಳಿಗೆ ಬಂದಿಳಿದು, ಅಲ್ಲಿಯ ಒಳಗಡಲನ್ನೂ ತೆಂಗಿನ ಕಾಡನ್ನೂ ಪರಿಶೀಲಿಸಿದನು. ಜಾಗ ಅವನ ಮನಸ್ಸಿಗೆ ಹಿಡಿಸಿತು. ಸ್ವಲ್ಪ ನೆಲವನ್ನು ಸವರಿ, ಮುಂದೆ ಸಂಸಾರದೊಡನೆ ಬಂದು ಇಲ್ಲಿಯೇ ನೆಲಸುವೆನೆಂದು ನಿಶ್ಚಯಿಸಿ ಸ್ವದೇಶಕ್ಕೆ ಮರಳಿದನು.

1827ರಲ್ಲಿ ಹೆಂಡತಿ, ಮಕ್ಕಳು, ಕೆಲವರು ಕುಶಲ ಕೆಲಸಗಾರರು ಇವರೊಡನೆ ಅವನು ಹಿಂದಿರುಗಿ ಬಂದಾಗ ದ್ವೀಪ ಬರಿದಾಗಿರಲಿಲ್ಲ. ಅಲೆಕ್ಸಾಂಡರ್ ಹೇರ್ ಎಂಬ ಇನ್ನೊಬ್ಬ ಆಂಗ್ಲನು ಹಿಂದಿನ ವರ್ಷವೇ ಬಂದು ತಳವೂರಿದ್ದನು. ಈ ಹೇರ್ ರಾಸನಿಗೆ ಹೊಸಬನಲ್ಲ. ಹಿಂದೆ ರಾಸನು ಕೆಲಸ ಮಾಡಿದ್ದುದು ಇವನ ಬಳಿಯಲ್ಲಿಯೇ. ಬೋರ್ನಿಯೊ ದ್ವೀಪದಲ್ಲಿ ಅಧಿಕಾರಿಯಾಗಿದ್ದ ಹೇರನು ಅಲ್ಲಿ ಅರಸನಂತೆ ಬಾಳಿದವನು. ಅಧಿಕಾರ ಹೋದ ಮೇಲೂ ಅರಸುತನದ ಆಸೆ ಹೋಗಿರಲಿಲ್ಲ. ಮಲಯ ಜನಾಂಗದ ಮತ್ತು ಬೇರೆ ಬೇರೆ ಸೀಮೆಗಳ ಸುಮಾರು ನೂರು ಜನರನ್ನು, ಹೆಂಗಸರು ಮಕ್ಕಳ ಸಹಿತ, ತನ್ನ ಸೊತ್ತೆಂಬಂತೆ ಹಡಗಿನಲ್ಲಿ ತುಂಬಿಕೊಂಡು ಯಾವ ಸರಕಾರದ ಕೈಗೂ ಸಿಗದ ಈ ಮೂಲೆಗೆ ಬಂದಿದ್ದನು. ಒಂದೇ ದ್ವೀಪಸಮೂಹದಲ್ಲಿ ಇಬ್ಬರು ಒಡೆಯರು! ಜಗಳ ಬೆಳೆಯಿತು. ಹೇರನ ಜನ ಒಬ್ಬೊಬ್ಬರಾಗಿ ಅವನನ್ನು ತೊರೆದು ರಾಸನ ಕಡೆ ಸೇರತೊಡಗಿದರು. ರಾಸನ ಬಳಿ ದುಡಿದರೆ ಕೂಲಿ ದೊರೆಯುತ್ತಿತ್ತು. ಹೇರನ ಬಳಿ ಅದೂ ಇಲ್ಲ. 1831ರ ವೇಳೆಗೆ ಹೇರನು ದ್ವೀಪವನ್ನು ಬಿಟ್ಟು ಹೊರಟುಹೋದನು. ಅವನು ತಂದ ಜನ ಅಲ್ಲಿಯೇ ಉಳಿದರು. ಅವರು ತಾವಾಗಿ ಬಂದವರಲ್ಲ. ಹೋಗಲು ಅವರಿಗೆ ಬೇರೆ ಊರೂ ಇರಲಿಲ್ಲ. ರಾಸನ ವ್ಯಾಪಾರಕ್ಕೆ ಬೇಕಾದ ಕೈಗಳು ಹೀಗೆ ದೊರೆತವು.

ವ್ಯಾಪಾರವೆಂದರೆ ತೆಂಗಿನ ಎಣ್ಣೆ ಮತ್ತು ಕೊಬ್ಬರಿ. ಪರಂಗಿಯವರು ಕೊಬ್ಬರಿಗೆ ‘ಕೋಪ್ರ’ ಎನ್ನುತ್ತಾರೆ. ಅದು ನಮ್ಮ ‘ಕೊಬ್ಬರಿ’ಯ ಬಳಗಕ್ಕೆ ಸೇರಿದ ಮಲಯಾಳದ ‘ಕೊಪ್ಪರ’ವೇ, ಪೋರ್ಚುಗೀಸರ ನಾಲಗೆಯನ್ನು ಏರಿ ಲೋಕವನ್ನೆಲ್ಲ ಸುತ್ತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಕಾರ್ಖಾನೆಗಳಿಗೆ ಸಾಬೂನು, ಮೇಣದ ಬತ್ತಿ ಮೊದಲಾದುವನ್ನು ತಯಾರಿಸಲು ಎಣ್ಣೆ ಬೇಕಾಗಿತ್ತು. ಬೇರೆ ಕಡೆಯ ತೋಟಗಳಲ್ಲಿ ಗಿಡ ನೆಟ್ಟು ಫಲಕ್ಕಾಗಿ ವರ್ಷಗಟ್ಟಲೆ ಕಾಯಬೇಕು. ಕೊಕೊಸಿನಲ್ಲಿ ಮರ ಆಗಲೇ ನಿಂತಿತ್ತು. ಬಿದ್ದ ಕಾಯಿಗಳನ್ನು ಗಂಡಸರು ಆಯ್ದು, ನೆಲದಲ್ಲಿ ನೆಟ್ಟ ಚೂಪಾದ ಗೂಟಕ್ಕೆ ಬಡಿದು ಸುಲಿಯುತ್ತಿದ್ದರು. ದೋಣಿಗಳಲ್ಲಿ ಹೇರಿ ಒಳಗಡಲನ್ನು ದಾಟಿಸಿ ಹೋಮ್ ದ್ವೀಪಕ್ಕೆ ತರುತ್ತಿದ್ದರು. ಅಲ್ಲಿ ಹೆಂಗಸರು ಕಾಯನ್ನು ಒಡೆದು ತಿರುಳನ್ನು ಬಿಡಿಸುತ್ತಿದ್ದರು. ಬಳಿಕ ಅದನ್ನು ಒಣಗಿಸಿ ಹಡಗಿಗೆ ತುಂಬುವುದು. ಬೆಳಗಿನಿಂದ ಸಂಜೆಯವರೆಗೆ ಕೆಲಸ. ಎಷ್ಟು ಕಾಯಿ ಸುಲಿದರೆ ಎಷ್ಟು ಕೂಲಿ ಎಂಬ ಲೆಕ್ಕ. ಹೊರಗಿನಿಂದ ಅಕ್ಕಿ, ಬಟ್ಟೆ, ಕಬ್ಬಿಣ ಬರಬೇಕು. ಇಲ್ಲಿಂದ ಎಣ್ಣೆ, ಕೊಬ್ಬರಿ ಹೋಗಬೇಕು. ಬರುವ ಹಡಗೂ ಹೋಗುವ ಹಡಗೂ ಒಡೆಯನ ಅಂಕೆಯಲ್ಲಿದ್ದವು.

1836ರ ಏಪ್ರಿಲ್ 1ರಂದು ‘ಬೀಗಲ್’ ಎಂಬ ಹಡಗು ಒಳಗಡಲನ್ನು ಪ್ರವೇಶಿಸಿತು. ಅದರಲ್ಲಿದ್ದ ಇಪ್ಪತ್ತೇಳು ವರ್ಷದ ತರುಣನೇ ಮುಂದೆ ಲೋಕಪ್ರಸಿದ್ಧನಾದ ಚಾರ್ಲ್ಸ್ ಡಾರ್ವಿನ್. ಹವಳದ ದ್ವೀಪಗಳು ಉಂಗುರದ ಆಕಾರದಲ್ಲಿರುವುದು ಏಕೆಂಬ ಪ್ರಶ್ನೆ ಅವನನ್ನು ಕಾಡುತ್ತಿತ್ತು. ಮಧ್ಯದಲ್ಲಿದ್ದ ಬೆಟ್ಟ ನಿಧಾನವಾಗಿ ಸಮುದ್ರದಲ್ಲಿ ಕುಸಿಯುತ್ತ ಹೋದಂತೆ ಅದರ ಸುತ್ತಲಿನ ಹವಳ ಮೇಲುಮೇಲಕ್ಕೆ ಬೆಳೆಯುತ್ತ ಬಂದು, ಕೊನೆಗೆ ಬೆಟ್ಟ ಮುಳುಗಿ ಹವಳದ ಬಳೆ ಮಾತ್ರ ಉಳಿಯುತ್ತದೆಂಬುದು ಅವನ ಊಹೆ. ಕೊಕೊಸಿನಲ್ಲಿ ಅವನು ಅಲೆಗಳ ಅಂಚಿನವರೆಗೂ ನಡೆದುಹೋಗಿ ಜೀವಂತ ಹವಳವನ್ನು ಪರೀಕ್ಷಿಸಿ ನೋಡಿದನು. 1842ರಲ್ಲಿ ಹವಳದ ದಿಬ್ಬಗಳನ್ನು ಕುರಿತು ಅವನು ಪ್ರಕಟಿಸಿದ ಗ್ರಂಥಕ್ಕೆ ಇಲ್ಲಿಯ ಅನುಭವ ಬಹಳ ಸಹಾಯಕವಾಯಿತು. ತೆಂಗಿನಕಾಯಿಯನ್ನೇ ತಿಂದು ಬದುಕುವ ದೊಡ್ಡ ಏಡಿಯೊಂದು ಅವನ ಕುತೂಹಲವನ್ನು ಕೆರಳಿಸಿತು. ಆ ಏಡಿ ಕಾಯಿಯ ಕಣ್ಣುಗಳಿರುವ ಕಡೆಯಿಂದಲೇ ನಾರನ್ನು ಎಳೆ ಎಳೆಯಾಗಿ ಸುಲಿದು, ಬಲವಾದ ಮುಂಗೊಂಡಿಯಿಂದ ಒಂದು ಕಣ್ಣನ್ನು ಬಡಿದು ತೂತು ಮಾಡಿ, ಹಿಂದಿನ ಸಪೂರ ಕಾಲುಗಳಿಂದ ತಿರುಳನ್ನು ಹೊರತೆಗೆದು ತಿನ್ನುತ್ತದೆಂದು ಅವನು ಬರೆದಿಟ್ಟಿದ್ದಾನೆ. ಕಾಯನ್ನು ಸುಲಿಯುವ ವಿದ್ಯೆ ಮನುಷ್ಯನಿಗಿಂತ ಮೊದಲೇ ಆ ಪ್ರಾಣಿಗೆ ಸಿದ್ಧಿಸಿತ್ತು.

ಡಾರ್ವಿನನ ಕಣ್ಣಿಗೆ ಏಡಿ, ಹವಳಗಳು ಮಾತ್ರ ಬೀಳಲಿಲ್ಲ. ಆಗ ರಾಸನು ದ್ವೀಪದಲ್ಲಿರಲಿಲ್ಲ. ಅಲ್ಲಿಯ ಮಲಯ ಜನ ಹೆಸರಿಗೆ ಸ್ವತಂತ್ರರು, ಅವರನ್ನು ಯಾರೂ ಹೊಡೆದು ಬಡಿದು ಹಿಂಸಿಸುವುದೂ ಇಲ್ಲ, ಆದರೂ ಮಿಕ್ಕ ಬಹಳಷ್ಟು ವಿಷಯಗಳಲ್ಲಿ ಅವರನ್ನು ದಾಸರಂತೆಯೇ ಎಣಿಸಲಾಗುತ್ತಿದೆ ಎಂಬ ಅಭಿಪ್ರಾಯವನ್ನು ಅವನು ತನ್ನ ಪ್ರವಾಸಕಥನದಲ್ಲಿ ದಾಖಲಿಸಿದನು. ಹನ್ನೆರಡು ದಿನಗಳ ಅತಿಥಿಯೊಬ್ಬನು ಕಂಡುಕೊಂಡ ಈ ಸಂಗತಿಯನ್ನು ಹೊರಲೋಕ ಸರಿಯಾಗಿ ವಿಚಾರಿಸಲು ಇನ್ನೂ ನೂರ ಮೂವತ್ತೆಂಟು ವರ್ಷಗಳು ಹಿಡಿದವು.

ಹೊಡೆತವಿಲ್ಲ, ಸಂಕೋಲೆಯಿಲ್ಲ, ಕೂಲಿಯೂ ಉಂಟು. ಹಾಗಿದ್ದರೆ ದಾಸ್ಯವೆಲ್ಲಿ ಬಂತು? ಇದು ತಿಳಿಯಬೇಕಾದರೆ ದ್ವೀಪದ ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಬೇಕು.

ಕ್ಲೂನೀಸ್ ರಾಸ್ ಮನೆತನದವರು ತಮ್ಮ ಕೆಲಸಗಾರರಿಗೆ ಕೂಲಿಯನ್ನು ಕೊಡುತ್ತಿದ್ದುದು ಯಾವ ಸರಕಾರದ ಹಣದಿಂದಲೂ ಅಲ್ಲ. ತಾವೇ ಮಾಡಿಸಿದ ಹಣದಿಂದ. ಅದರ ಹೆಸರು ‘ರೂಪಾಯಿ’. ಹಿಂದೂ ಮಹಾಸಾಗರದ ಬಂದರುಗಳಲ್ಲೆಲ್ಲ ಅಂದು ರೂಪಾಯಿಯ ಮಾತೇ ನಡೆಯುತ್ತಿದ್ದುದರಿಂದ ಆ ಹೆಸರು ಕೊಕೊಸಿಗೂ ಬಂದಿತ್ತು. ಮೊದಲು ಕುರಿಯ ಚರ್ಮವನ್ನು ಹದ ಮಾಡಿದ ತೊಗಲಿನ ಹಾಳೆಯ ಮೇಲೆ ಒಡೆಯನ ರುಜು ಹಾಕಿದ ಚೀಟಿಗಳು. ಇಪ್ಪತ್ತನೆಯ ಶತಮಾನದಲ್ಲಿ ದಂತದಂತೆ ಕಾಣುವ ಬಿಲ್ಲೆಗಳು. ಆ ಬಳಿಕ ಪ್ಲಾಸ್ಟಿಕ್ಕಿನ ಬಿಲ್ಲೆಗಳು. ಈ ರೂಪಾಯಿಗೆ ಸಾಮಾನು ದೊರೆಯುವ ಅಂಗಡಿ ದ್ವೀಪದಲ್ಲಿ ಒಂದೇ, ಒಡೆಯನದು. ದ್ವೀಪದ ದಡವನ್ನು ದಾಟಿದರೆ ಅದನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ.

ಇದರ ಫಲವೇನೆಂಬುದನ್ನು ಯೋಚಿಸಿ ನೋಡಬಹುದು. ಒಬ್ಬ ಕೂಲಿಕಾರ ವಾರವಿಡೀ ಕಾಯಿ ಸುಲಿದು ಬಿಲ್ಲೆಗಳನ್ನು ಗಳಿಸಿದನೆನ್ನೋಣ. ಅಕ್ಕಿ ಬೇಕು, ಅಂಗಡಿಗೆ ಹೋಗುತ್ತಾನೆ, ಬಿಲ್ಲೆ ಒಡೆಯನ ಪೆಟ್ಟಿಗೆಗೆ ಹಿಂದಿರುಗುತ್ತದೆ. ಮುಂದಿನ ವಾರ ಅದೇ ಬಿಲ್ಲೆ ಅವನ ಕೈಗೆ ಮತ್ತೆ ಕೂಲಿಯಾಗಿ ಬರುತ್ತದೆ. ಕೊಬ್ಬರಿ ಮಾತ್ರ ಹಡಗನ್ನೇರಿ ಹೋಗಿ ನಿಜವಾದ ಪೌಂಡುಗಳನ್ನು ತರುತ್ತದೆ. ಆ ಪೌಂಡು ಕೂಲಿಕಾರನ ಕಣ್ಣಿಗೂ ಬೀಳುವುದಿಲ್ಲ. ಮಿತವ್ಯಯದಿಂದ ಬಾಳಿ ಒಂದು ಪೆಟ್ಟಿಗೆ ತುಂಬ ಬಿಲ್ಲೆಗಳನ್ನು ಕೂಡಿಟ್ಟರೂ ಅವನು ಸಿಂಗಪುರದಲ್ಲಿ ಒಂದು ಹೊತ್ತಿನ ಊಟವನ್ನು ಕೊಳ್ಳಲಾರ. ದುಡಿಮೆಯಿಂದ ಮನುಷ್ಯನಿಗೆ ಬರಬೇಕಾದ ಮೊದಲನೆಯ ಶಕ್ತಿ ಎಂದರೆ, ಬೇಡವೆನಿಸಿದಾಗ ಆ ದುಡಿಮೆಯನ್ನು ಬಿಟ್ಟುಹೋಗುವ ಶಕ್ತಿ. ಕೊಕೊಸಿನ ರೂಪಾಯಿಗೆ ಆ ಶಕ್ತಿಯಿರಲಿಲ್ಲ. ಇದರ ಮೇಲೆ ಇನ್ನೊಂದು ಕಟ್ಟಳೆ: ದ್ವೀಪವನ್ನು ಬಿಟ್ಟುಹೋಗಲು ಯಾರಿಗೂ ಅಡ್ಡಿಯಿಲ್ಲ, ಆದರೆ ಹೋದವರು ಮತ್ತೆ ಬರುವಂತಿಲ್ಲ. ತಾಯಿತಂದೆಯರನ್ನೂ ಅಕ್ಕತಂಗಿಯರನ್ನೂ ಇನ್ನೆಂದಿಗೂ ಕಾಣುವುದಿಲ್ಲವೆಂದು ನಿರ್ಧರಿಸಿ ಹಡಗು ಹತ್ತುವವರು ಎಷ್ಟು ಮಂದಿ?

ಹೀಗೆಂದ ಮಾತ್ರಕ್ಕೆ ಆ ಮನೆತನದವರನ್ನು ಕ್ರೂರಿಗಳೆಂದು ಚಿತ್ರಿಸುವುದು ಸರಿಯಾಗದು. ಅವರು ದ್ವೀಪದ ಲಾಭವನ್ನು ಲಂಡನ್ನಿನಲ್ಲಿ ಕುಳಿತು ಎಣಿಸಿದವರಲ್ಲ. ದ್ವೀಪದಲ್ಲಿಯೇ ಬಾಳಿದರು, ಮಲಯ ಭಾಷೆಯನ್ನು ಆಡಿದರು, ಎರಡನೆಯ ಮತ್ತು ಮೂರನೆಯ ತಲೆಮಾರಿನ ಒಡೆಯರು ಮಲಯ ಹೆಣ್ಣುಮಕ್ಕಳನ್ನು ಮದುವೆಯಾದರು. ಕೆಲಸಗಾರರಿಗೆ ಇರಲು ಮನೆ ಕೊಟ್ಟರು, ಕಾಯಿಲೆಯಲ್ಲಿ ಔಷಧಿ ಕೊಟ್ಟರು, ಮುಪ್ಪಿನಲ್ಲಿ ಕೈಬಿಡಲಿಲ್ಲ. ಅಂದಿನ ಎಷ್ಟೋ ತೋಟಗಳಲ್ಲಿ ಕೂಲಿಕಾರರು ಹಸಿವಿನಿಂದಲೂ ರೋಗದಿಂದಲೂ ಸಾಯುತ್ತಿದ್ದುದನ್ನು ನೆನೆದರೆ ಕೊಕೊಸಿನ ಜನ ಸುಖಿಗಳೆಂದೇ ಹೇಳಬೇಕು. ಜನ ಒಡೆಯನನ್ನು ‘ತುವಾನ್’ ಎಂದು ಗೌರವದಿಂದ ಕರೆದರು. ಆದರೆ ಮನೆ ಒಡೆಯನದು, ನೆಲ ಒಡೆಯನದು, ಕೆಲಸ ಒಡೆಯನದು, ಅಂಗಡಿ ಒಡೆಯನದು, ಹಡಗು ಒಡೆಯನದು, ನ್ಯಾಯ ಹೇಳುವವನೂ ಒಡೆಯನೇ. ಒಡೆಯನು ಒಳ್ಳೆಯವನಾಗಿರುವವರೆಗೆ ಮಾತ್ರ ಒಳ್ಳೆಯದಾಗಿರುವ ವ್ಯವಸ್ಥೆ ಅದು. ಅವನು ಕೆಟ್ಟವನಾದರೆ ದೂರು ಕೊಡಲು ಬಾಗಿಲೇ ಇರಲಿಲ್ಲ.

ಸರಕಾರ ಇರಲಿಲ್ಲವೇ ಎಂದರೆ, ಇತ್ತು, ಆದರೆ ಬಹುದೂರದಲ್ಲಿತ್ತು. 1857ರಲ್ಲಿ ಬ್ರಿಟಿಷ್ ನೌಕೆಯೊಂದು ಬಂದು ದ್ವೀಪಗಳನ್ನು ಸಾಮ್ರಾಜ್ಯಕ್ಕೆ ಸೇರಿಸಿತು. ಅಂಡಮಾನಿನ ಬಳಿ ಇರುವ ಕೊಕೊ ದ್ವೀಪಗಳಿಗೆ ಹೋಗಬೇಕಾದ ನೌಕೆ ಹೆಸರಿನ ಸಾಮ್ಯದಿಂದ ಇಲ್ಲಿಗೆ ಬಂದಿತೆಂಬ ಮಾತೂ ಉಂಟು! ಮುಂದೆ ಆಡಳಿತ ಸಿಂಹಳಕ್ಕೂ ಆಮೇಲೆ ಸಿಂಗಪುರಕ್ಕೂ ವರ್ಗವಾಯಿತು. 1886ರಲ್ಲಿ ವಿಕ್ಟೋರಿಯ ರಾಣಿಯ ಸರಕಾರ ಈ ದ್ವೀಪಗಳ ನೆಲವನ್ನು ಮೂರನೆಯ ತಲೆಮಾರಿನ ಜಾರ್ಜ್ ಕ್ಲೂನೀಸ್ ರಾಸನಿಗೂ ಅವನ ವಂಶದವರಿಗೂ ಶಾಶ್ವತವಾಗಿ ಕೊಟ್ಟುಬಿಟ್ಟಿತು. ಜಾರ್ಜನು ದಕ್ಷ. ಚಂಡಮಾರುತದಿಂದ ನೆಲಕಚ್ಚಿದ ತೋಟವನ್ನು ಮತ್ತೆ ಎಬ್ಬಿಸಿದನು. 1888ರಲ್ಲಿ ಸಾವಿರ ಕಿಲೋಮೀಟರು ದೂರದ ಕ್ರಿಸ್ಮಸ್ ದ್ವೀಪದಲ್ಲಿ ತನ್ನ ಕಡೆಯವರನ್ನು ನೆಲಸಿಸಿ, ಅಲ್ಲಿಯ ರಂಜಕದ ಗಣಿಯ ವ್ಯವಹಾರದಲ್ಲಿ ಪಾಲುಗಾರನಾದನು. ಹೋಮ್ ದ್ವೀಪದಲ್ಲಿ ಸ್ಕಾಟ್ಲೆಂಡಿನಿಂದ ತರಿಸಿದ ಮೆರುಗಿನ ಬಿಳಿ ಇಟ್ಟಿಗೆಗಳಿಂದ ‘ಓಷಿಯಾನಿಯ ಹೌಸ್’ ಎಂಬ ಮಹಲನ್ನು ಕಟ್ಟಿಸಿದನು. 1909ರಲ್ಲಿ ಬೀಸಿದ ಇನ್ನೊಂದು ಭಯಂಕರ ಚಂಡಮಾರುತ ಅಸಂಖ್ಯಾತ ಮರಗಳನ್ನು ಬುಡಮೇಲು ಮಾಡಿತು. ಒಂದೇ ಬೆಳೆಯನ್ನು ನಂಬಿದವರಿಗೆ ಒಂದು ರಾತ್ರಿಯ ಗಾಳಿ ಸಾಕು. ಮರುವರ್ಷ ಜಾರ್ಜನೂ ತೀರಿಕೊಂಡನು.

ಈ ನಡುವೆ, 1901ರಲ್ಲಿ, ದ್ವೀಪಕ್ಕೆ ಬೇರೊಂದು ಬಗೆಯ ಪರದೇಶದ ನೌಕರರು ಬಂದಿದ್ದರು. ಸಮುದ್ರದ ತಳದಲ್ಲಿ ಹಾಕಿದ ತಂತಿಗಳು ಸೇರುವ ಠಾಣೆಯೊಂದು ಡೈರೆಕ್ಷನ್ ದ್ವೀಪದಲ್ಲಿ ಸ್ಥಾಪಿತವಾಯಿತು. ಆಫ್ರಿಕ, ಆಸ್ಟ್ರೇಲಿಯ, ಸಿಂಗಪುರಗಳ ನಡುವಣ ಸುದ್ದಿ ಆ ಚಿಕ್ಕ ದಿಬ್ಬದ ಮೂಲಕ ಹರಿಯತೊಡಗಿತು. ತಂತಿಯ ನೌಕರರಿಗೆ ಲೋಕದ ಸುದ್ದಿಯೆಲ್ಲ ಕ್ಷಣದಲ್ಲಿ ಗೊತ್ತಾಗುತ್ತಿತ್ತು. ಮನೆಯಿಂದ ಒಂದು ಕಾಗದ ಬರಬೇಕಾದರೆ ಮಾತ್ರ ತಿಂಗಳುಗಳು ಬೇಕು. ಕೊನೆಗೆ ಆ ದಾರಿಯಲ್ಲಿ ಸಾಗುವ ದೊಡ್ಡ ಹಡಗುಗಳವರು ಕಾಗದಗಳನ್ನೂ ತಿನಿಸುಗಳನ್ನೂ ಪೀಪಾಯಿಯಲ್ಲಿ ಭದ್ರಪಡಿಸಿ ಸಮುದ್ರಕ್ಕೆ ಎಸೆಯುವ ಪದ್ಧತಿ ಬಂದಿತು. ಠಾಣೆಯವರು ದೋಣಿಯಲ್ಲಿ ಹೋಗಿ ಅಲೆಗಳ ಮೇಲಿಂದ ಪೀಪಾಯಿಯನ್ನು ಹಿಡಿದು ತರುತ್ತಿದ್ದರು. ಇವರಿಗೂ ತೋಟದ ಕೂಲಿಕಾರರಿಗೂ ಇದ್ದ ಅಂತರ ದೊಡ್ಡದು. ಇವರ ಸಂಬಳ ನಿಜವಾದ ಹಣದಲ್ಲಿ. ಅವಧಿ ಮುಗಿದೊಡನೆ ಊರಿಗೆ ಮರಳುವ ಹಕ್ಕು ಇವರಿಗಿತ್ತು. ಎರಡು ದ್ವೀಪಗಳ ನಡುವೆ ಇದ್ದುದು ಕೆಲವೇ ಕಿಲೋಮೀಟರಿನ ನೀರು.

1914ರ ಮಹಾಯುದ್ಧ ಈ ಮೂಲೆಯನ್ನೂ ಬಿಡಲಿಲ್ಲ. ಸೆಪ್ಟೆಂಬರ್ ತಿಂಗಳಲ್ಲಿ ಮದರಾಸಿನ ಬಂದರಿನ ಮೇಲೆ ಗುಂಡಿನ ಮಳೆಗರೆದು ಆ ನಗರದವರನ್ನು ನಡುಗಿಸಿದ ಜರ್ಮನ್ ಯುದ್ಧನೌಕೆ ‘ಎಂಡೆನ್’ ನವೆಂಬರ್ 9ರಂದು ಕೊಕೊಸಿಗೆ ಬಂದಿತು. ಅದರ ಸೈನಿಕರು ಇಳಿದು ತಂತಿಯ ಠಾಣೆಯನ್ನು ಹಾಳುಗೆಡವಿದರು. ಅಷ್ಟರಲ್ಲಿ ಠಾಣೆಯವರು ಕಳುಹಿಸಿದ್ದ ಸುದ್ದಿಯನ್ನು ಹಿಡಿದು ಆಸ್ಟ್ರೇಲಿಯದ ‘ಸಿಡ್ನಿ’ ಎಂಬ ನೌಕೆ ಧಾವಿಸಿ ಬಂದು ಎಂಡೆನ್ ನೌಕೆಯನ್ನು ಹೊಡೆದು ಉತ್ತರ ಕೀಲಿಂಗಿನ ಹವಳದ ದಂಡೆಗೆ ಹತ್ತಿಸಿತು. ದಡದಲ್ಲಿಯೇ ಉಳಿದುಹೋದ ಜರ್ಮನರು ಕ್ಲೂನೀಸ್ ರಾಸ್ ಮನೆತನದ ‘ಆಯೇಷಾ’ ಎಂಬ ಹಾಯಿಹಡಗನ್ನು ವಶಪಡಿಸಿಕೊಂಡು ಸುಮಾತ್ರದ ಕಡೆಗೆ ತಪ್ಪಿಸಿಕೊಂಡರು.

ದ್ವೀಪ ಚಿಕ್ಕದು; ಜನ ಬೆಳೆಯುತ್ತ ಹೋದರು. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಅಷ್ಟು ಮಂದಿಗೆ ಕೂಲಿಯನ್ನೂ ಅನ್ನವನ್ನೂ ಒದಗಿಸುವುದು ಕೊಬ್ಬರಿಯ ವ್ಯಾಪಾರಕ್ಕೆ ಅಸಾಧ್ಯವಾಯಿತು. 1948ರಿಂದ ಕೆಲವೇ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಬೋರ್ನಿಯೊದ ತವಾವು ಮೊದಲಾದ ಕಡೆಗಳಿಗೂ ಕ್ರಿಸ್ಮಸ್ ದ್ವೀಪಕ್ಕೂ ವಲಸೆ ಹೋದರು. ಮುತ್ತಜ್ಜಂದಿರನ್ನು ಹೇರನು ಕರೆತಂದ ಸೀಮೆಗೆ ಮರಿಮಕ್ಕಳು ಹೊಸಬರಾಗಿ ಹಿಂದಿರುಗಿದರು. ಅವರ ನಂಟರು ಇಂದಿಗೂ ಅಲ್ಲಿದ್ದಾರೆ.

1955ರ ನವೆಂಬರ್ 23ರಂದು ಬ್ರಿಟನ್ ಈ ದ್ವೀಪಗಳನ್ನು ಆಸ್ಟ್ರೇಲಿಯಕ್ಕೆ ಒಪ್ಪಿಸಿತು. ಧ್ವಜ ಬದಲಾಯಿತು, ಬಿಲ್ಲೆ ಬದಲಾಗಲಿಲ್ಲ. ಐದನೆಯ ತಲೆಮಾರಿನ ಜಾನ್ ಸೆಸಿಲ್ ಕ್ಲೂನೀಸ್ ರಾಸನು ಬರಿಗಾಲಿನಲ್ಲಿ ತೋಟವನ್ನು ಸುತ್ತುತ್ತ ಹಳೆಯ ಕ್ರಮದಂತೆಯೇ ಎಲ್ಲವನ್ನೂ ನಡೆಸುತ್ತಿದ್ದನು. ಪ್ರಜಾಪ್ರಭುತ್ವವಾದ ಆಸ್ಟ್ರೇಲಿಯದ ಒಳಗೆ ಒಬ್ಬ ಖಾಸಗಿ ಮನುಷ್ಯನ ನಾಣ್ಯ, ಒಬ್ಬ ಖಾಸಗಿ ಮನುಷ್ಯನ ಕಟ್ಟಳೆ! 1974ರಲ್ಲಿ ವಿಶ್ವಸಂಸ್ಥೆಯ ತಂಡವೊಂದು ಬಂದು ಜನರ ಸ್ಥಿತಿಗತಿಗಳನ್ನು ವಿಚಾರಿಸಿತು. ಅದರ ವರದಿ ಒಡೆಯನಿಗೆ ಅನುಕೂಲವಾಗಿರಲಿಲ್ಲ. ತನ್ನ ಜನ ಸುಖವಾಗಿದ್ದಾರೆ, ಹೊರಗಿನ ಲೋಕ ಅವರನ್ನು ಕೆಡಿಸುತ್ತದೆ ಎಂಬುದು ಅವನ ವಾದ. ಅವನು ಪ್ರಾಮಾಣಿಕವಾಗಿಯೇ ಹಾಗೆ ನಂಬಿದ್ದಿರಬೇಕು. ಆದರೆ ಸುಖವಾಗಿದ್ದೇವೆಂದು ಹೇಳಬೇಕಾದವರು ಸುಖವಾಗಿರುವವರೇ ಹೊರತು ಅವರ ಒಡೆಯನಲ್ಲ. 1978ರಲ್ಲಿ ಆಸ್ಟ್ರೇಲಿಯ ಸರಕಾರ 62 ಲಕ್ಷ 50 ಸಾವಿರ ಡಾಲರುಗಳನ್ನು ತೆತ್ತು, ಮನೆತನದ ಮಹಲು ಮತ್ತು ಅದರ ಹಿತ್ತಿಲನ್ನು ಬಿಟ್ಟು ಮಿಕ್ಕ ನೆಲವನ್ನೆಲ್ಲ ಕೊಂಡಿತು. ಆ ಬಳಿಕ ಕೂಲಿ ಆಸ್ಟ್ರೇಲಿಯದ ಡಾಲರಿನಲ್ಲಿ ದೊರೆಯತೊಡಗಿತು. 1979ರಲ್ಲಿ ದ್ವೀಪದ ಜನರೇ ಸೇರಿ ಸಹಕಾರ ಸಂಘವನ್ನು ಸ್ಥಾಪಿಸಿಕೊಂಡರು. ತೋಟದ ಕೆಲಸವನ್ನು ನಡೆಸುವ ಹೊಣೆಯೂ ಸಾಮಾನು ಮಾರುವ ಹೊಣೆಯೂ ಅವರದಾಯಿತು. ಮಹಲನ್ನೂ ವಶಪಡಿಸಿಕೊಳ್ಳಲು ಸರಕಾರ ಹವಣಿಸಿದಾಗ ಒಡೆಯನು ನ್ಯಾಯಾಲಯಕ್ಕೆ ಹೋದನು; 1984ರಲ್ಲಿ ಆಸ್ಟ್ರೇಲಿಯದ ಪರಮೋಚ್ಚ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು. ತನ್ನ ದ್ವೀಪದಲ್ಲಿ ತಾನೇ ನ್ಯಾಯಾಧೀಶನಾಗಿದ್ದ ಮನೆತನವನ್ನು ಕೊನೆಗೆ ಕಾಪಾಡಿದುದು, ಎಲ್ಲರಿಗೂ ಒಂದೇ ಆದ ನ್ಯಾಯ.

ಅದೇ 1984ರ ಏಪ್ರಿಲ್ 6ರಂದು ದ್ವೀಪದ ಜನ ತಮ್ಮ ಮುಂದಿನ ಬಾಳನ್ನು ಕುರಿತು ಮತ ಹಾಕಿದರು. ವಿಶ್ವಸಂಸ್ಥೆಯ ಪ್ರತಿನಿಧಿಗಳು ಎದುರಿನಲ್ಲಿದ್ದರು. ಮುಂದಿದ್ದ ದಾರಿಗಳು ಮೂರು: ಪೂರ್ಣ ಸ್ವಾತಂತ್ರ್ಯ, ಆಸ್ಟ್ರೇಲಿಯದೊಡನೆ ಸಡಿಲವಾದ ಸಂಬಂಧ, ಇಲ್ಲವೆ ಆಸ್ಟ್ರೇಲಿಯದೊಡನೆ ಸಂಪೂರ್ಣ ವಿಲೀನ. ಬಿದ್ದ ಮತಗಳು 261. ವಿಲೀನಕ್ಕೆ 229, ಸಡಿಲವಾದ ಸಂಬಂಧಕ್ಕೆ 21, ಸ್ವಾತಂತ್ರ್ಯಕ್ಕೆ 9. ಎರಡು ಮತಗಳು ತಿರಸ್ಕೃತವಾದವು. ಒಂದು ಹಳ್ಳಿಯ ಪಂಚಾಯಿತಿ ಚುನಾವಣೆಗಿಂತಲೂ ಚಿಕ್ಕದಾದ ಈ ಮತದಾನಕ್ಕಾಗಿ ಅವರು 1826ರಿಂದ ಕಾದಿದ್ದರು.

ಕೊಬ್ಬರಿಯ ವ್ಯಾಪಾರ ಹೆಚ್ಚು ಕಾಲ ಬಾಳಲಿಲ್ಲ. ನ್ಯಾಯವಾದ ಕೂಲಿಯನ್ನು ಕೊಟ್ಟು, ಅಷ್ಟು ದೂರದಿಂದ ಹಡಗಿನಲ್ಲಿ ಸಾಗಿಸಿ, ಪೇಟೆಯ ಧಾರಣೆಗೆ ಮಾರಿದರೆ ಉಳಿಯುವುದು ಏನೂ ಇರಲಿಲ್ಲ. 1987ರಲ್ಲಿ ಅದು ನಿಂತೇಹೋಯಿತು. ಇಷ್ಟು ವರ್ಷ ಲಾಭವೆಂದು ಕಾಣಿಸಿದುದರಲ್ಲಿ ಕೊಡದೆ ಉಳಿಸಿಕೊಂಡ ಕೂಲಿಯ ಪಾಲು ಎಷ್ಟಿತ್ತೆಂಬುದು ಇದರಿಂದ ಊಹೆಗೆ ಬರುತ್ತದೆ. ಜಾನ್ ಸೆಸಿಲನು ಹೂಡಿದ ಹಡಗಿನ ವ್ಯವಹಾರವೂ ನಷ್ಟದಲ್ಲಿ ಮುಳುಗಿ, ಅವನು ದ್ವೀಪವನ್ನು ತೊರೆದು ಪರ್ತ್ ನಗರದಲ್ಲಿ ನೆಲಸಿದನು.

ಈಗ ಕೊಕೊಸಿನಲ್ಲಿ ಇರುವವರು ಸುಮಾರು ಆರು ನೂರು ಜನ. ಮಲಯ ಜನ ಬಹುಮಟ್ಟಿಗೆ ಹೋಮ್ ದ್ವೀಪದಲ್ಲಿದ್ದಾರೆ. ವಿಮಾನ ನಿಲ್ದಾಣವಿರುವ ವೆಸ್ಟ್ ದ್ವೀಪದಲ್ಲಿ ಆಸ್ಟ್ರೇಲಿಯದಿಂದ ಕರಾರಿನ ಮೇಲೆ ಬರುವ ಉಪಾಧ್ಯಾಯರು, ದಾದಿಯರು, ಪೋಲಿಸರು ಮೊದಲಾದವರು ವಾಸಿಸುತ್ತಾರೆ. ಅವಧಿ ತೀರಿದ ಮೇಲೆ ಕೆಲವರು ಹೋಗುತ್ತಾರೆ, ಕೆಲವರು ಉಳಿಯುತ್ತಾರೆ. ಉಳಿದು ಅಲ್ಲೊಂದು ಅಂಗಡಿಯನ್ನೋ ಉಪಾಹಾರ ಗೃಹವನ್ನೋ ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಿಸುವ ಉದ್ಯೋಗವನ್ನೋ ಆರಂಭಿಸುವವರಿಗೆ ರಾಸನ ಕಾಲದ ತೊಡಕುಗಳೇ ಇಂದಿಗೂ ಎದುರಾಗುತ್ತವೆ. ಮೊಳೆಯಿಂದ ಹಿಟ್ಟಿನವರೆಗೆ ಎಲ್ಲವೂ ಹಡಗಿನಲ್ಲಿ ಇಲ್ಲವೆ ವಿಮಾನದಲ್ಲಿ ಬರಬೇಕು. ಸಾಗಣೆಯ ವೆಚ್ಚ ಬೆಲೆಯನ್ನು ಏರಿಸುತ್ತದೆ. ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ. ಗಿರಾಕಿಗಳ ಸಂಖ್ಯೆ ಬೆರಳೆಣಿಕೆಗೆ ಮೀರುವುದಿಲ್ಲ. ಒಂದು ವಿಷಯ ಮಾತ್ರ ತಿರುಗುಮುರುಗಾಗಿದೆ. ದ್ವೀಪಗಳ ಬಹುಪಾಲು ನೆಲವನ್ನು ಅಲ್ಲಿಯ ಜನರು ಚುನಾಯಿಸಿದ ಸ್ಥಳೀಯ ಸಂಸ್ಥೆ ಮಲಯ ಸಮುದಾಯದ ಪರವಾಗಿ ನ್ಯಾಸವಾಗಿ ಇಟ್ಟುಕೊಂಡಿದೆ. ಹೊಸದಾಗಿ ಬಂದವನು ಸಮುದ್ರತೀರದಲ್ಲಿ ಬಾವುಟವನ್ನು ನೆಟ್ಟು ಇದು ನನ್ನದೆಂದು ಹೇಳುವಂತಿಲ್ಲ. ಕೂಲಿಕಾರರ ಮರಿಮಕ್ಕಳಿಂದ ಅಪ್ಪಣೆಯನ್ನು ಪಡೆಯಬೇಕು.

ತೋಟಗಳಲ್ಲಿ ತೆಂಗಿನಕಾಯಿ ಈಗಲೂ ಬೀಳುತ್ತದೆ. ಆಯುವವರಿಲ್ಲದೆ ಬಿದ್ದಲ್ಲಿಯೇ ಮೊಳೆತು ಮರಗಳು ದಟ್ಟವಾಗಿ ಬೆಳೆದು ನಿಂತಿವೆ. ಹೋಮ್ ದ್ವೀಪದ ವಸ್ತುಸಂಗ್ರಹಾಲಯ ಆ ಹಳೆಯ ದಿನಗಳ ನೆನಪನ್ನು ಕಾಯುತ್ತಿದೆ. ತೊಗಲಿನ ಚೀಟಿಗಳೂ ದಂತದ ಬಣ್ಣದ ಬಿಲ್ಲೆಗಳೂ ನಾಣ್ಯ ಸಂಗ್ರಾಹಕರ ಕೈ ಸೇರಿವೆ. ದಡವನ್ನು ದಾಟಿದರೆ ಕಾಸಿಗೂ ಬೆಲೆಬಾಳದಿದ್ದ ಆ ರೂಪಾಯಿಗೆ ಈಗ ದೇಶದೇಶಗಳ ಸಂಗ್ರಾಹಕರು ಒಳ್ಳೆಯ ಬೆಲೆ ಕೊಡುತ್ತಾರೆ.